ರಾಣಿ ಕೊಟ್ಟ ಬಟ್ಟಲು

ರಾಣಿ ಸೆಲೆತ್ರಿತ್ ಕೈಯಾರೆ ಕೊಟ್ಟ ಜೇನುಮದ್ಯ ಕುಡಿದು ಮಲಮಗ ವಿಗ್ಬರ್ಟ್ ಔತಣದ ನಡುವೆಯೇ ಕುಸಿದುಬಿದ್ದ. ಮೂರನೆಯ ದಿನ ಬೆಳಿಗ್ಗೆ ಚರ್ಚಿನಲ್ಲಿ ಕಬ್ಬಿಣದ ಸರಳು ಕಾಯಿಸತೊಡಗಿದರು. ಆ ಸರಳನ್ನು ಹಿಡಿದು ರಾಣಿ ಒಂಬತ್ತು ಹೆಜ್ಜೆ ನಡೆಯಬೇಕು. ಸುಟ್ಟ ಗಾಯ ಕೀವುಗಟ್ಟಿದರೆ ವಿಷವಿಕ್ಕಿದವಳು ಅವಳೇ ಎಂದು ತೀರ್ಪು. ಎಂಟು ತಿಂಗಳ ಕೂಸನ್ನು ಆಗಲೇ ಅವಳ ಮಡಿಲಿನಿಂದ ಕಿತ್ತುಕೊಂಡಿದ್ದರು.

ಕಿರಿಯ ಸನ್ಯಾಸಿನಿ ಟಾಟೆ ವಿಗ್ಬರ್ಟನ ಹಾಸಿಗೆಯ ಬಳಿ ನಿಂತಿದ್ದಳು. ಅರಮನೆಯಲ್ಲೇ ಇದ್ದು ಮದ್ದು ಕೊಡುವ ಹಿರಿಯ ಸನ್ಯಾಸಿನಿ ಹೆರೆಬುರ್ಗ್ ಎಷ್ಟೋ ಗುಟ್ಟುಗಳನ್ನು ಬಯಲಿಗೆಳೆದದ್ದನ್ನು ಅವಳು ಹತ್ತು ವರ್ಷದಿಂದ ಕಂಡಿದ್ದಳು. ಈ ಸಲ ಮಾತ್ರ ಆಕೆ ಮಾಡಿದ್ದು ಇಷ್ಟೇ: ಮೈಮೇಲೆ ಎಚ್ಚರವಿಲ್ಲದ ವಿಗ್ಬರ್ಟನ ಬಾಯಿ ತೆರೆದು, ಬಾತ ದವಡೆಯ ತೂತುಹಲ್ಲನ್ನು ಮೂಳೆಸೂಜಿಯಿಂದ ಕೆದಕಿ, ಸಿಕ್ಕಿದ ಬೂದುಬಣ್ಣದ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

"ಔತಣದಲ್ಲಿ ಏನು ಕಂಡೆ, ಇನ್ನೊಂದ್ಸಲ ಹೇಳೇ," ಎಂದಳು ಹೆರೆಬುರ್ಗ್.

"ರಾಣಿ ಮೊದಲು ರಾಜರಿಗೆ ಕೊಟ್ರು, ಆಮೇಲೆ ಇವನಿಗೆ. ಒಂದು ಗುಟುಕು ಕುಡಿದು ವಾಪಸ್ ಕೊಡೋದು ಬಿಟ್ಟು ಗಟಗಟ ಅಂತ ಪೂರ್ತಿ ಖಾಲಿ ಮಾಡ್ದ ಅಮ್ಮಾ! ಮಲತಾಯಿಗೆ ಬೇಕಂತಲೇ ಅವಮಾನ ಮಾಡ್ದ ಅಂತ ಎಲ್ರೂ ಗುಸುಗುಸು."

"ಬಟ್ಟಲು ಹಿಡಿಯೋವಾಗ?"

"ಎರಡು ಸಲ ಬರೀ ಗಾಳಿ ಹಿಡಿದ. ಮೊದಲೇ ಕುಡಿದು ಬಂದಿದ್ದಾನೆ ಅಂದ್ಕೊಂಡೆ."

"ಹಲ್ಲುನೋವಿಗೆ ಬೆಳಗಿಂದ ಒಂದು ತುತ್ತೂ ತಿಂದಿರಲಿಲ್ಲ, ಇನ್ನು ಕುಡಿಯೋದೆಲ್ಲಿ? ನಡಿ."

ಚರ್ಚಿನಲ್ಲಿ ರಾಜ, ರಾಣಿ, ಬಿಷಪ್ಪರು, ಹಿರಿಯ ಸರದಾರರು ಸೇರಿದ್ದರು. ವಿಗ್ಬರ್ಟನನ್ನು ಏಳನೆಯ ವಯಸ್ಸಿನಿಂದ ಸಾಕಿದ ಓಸ್ಲಾಕ್ ಎಲ್ಲರಿಗಿಂತ ಮುಂದೆ ನಿಂತಿದ್ದ.

"ಓಸ್ಲಾಕಪ್ಪಾ, ಹುಡುಗನ ಹಲ್ಲುನೋವಿಗೆ ಏನು ಮಾಡಿದ್ರಿ?" ಎಂದಳು ಹೆರೆಬುರ್ಗ್.

"ಎಲ್ರೂ ಮಾಡೋದೇ. ಹಲ್ಲಿನ ಹುಳ ಬೀಳಲಿ ಅಂತ ಬೀಜ ಸುಟ್ಟು ಹೊಗೆ ಕೊಟ್ಟೆ, ಔತಣಕ್ಕೆ ಸ್ವಲ್ಪ ಮುಂಚೆ."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ನನ್ನ ಕೈ ಬಿಟ್ರೆ ಬೇರೆ ಯಾರ ಕೈಯಿಂದಲೂ ಅವನು ಮದ್ದು ತಗೊಳ್ಳಲ್ಲ," ಎಂದ ಓಸ್ಲಾಕ್, ಹೆಮ್ಮೆಯಿಂದಲೇ.

ಹೆರೆಬುರ್ಗ್ ಬಟ್ಟೆಯ ಗಂಟು ಬಿಚ್ಚಿದಳು. "ಇವು ಅವನ ಹಲ್ಲಲ್ಲಿ ಸಿಕ್ಕಿದ್ದು. ಸುಟ್ಟಿದ್ರೆ ಕರ್ರಗಿರಬೇಕಿತ್ತು. ಇವು ಹಸಿಬೀಜ, ಜೇನು ಬೇರೆ ಅಂಟಿದೆ. ಹೊಗೆ ಕೊಟ್ಟಿಲ್ಲ ನೀವು, ತಿನ್ನಿಸಿದ್ದೀರಿ. ಇದನ್ನ ತಿಂದ್ರೆ ಗಂಟಲು ಒಣಗುತ್ತೆ, ಒಂದು ಎರಡಾಗಿ ಕಾಣುತ್ತೆ. ಅದಕ್ಕೇ ಅವನ ಕೈಗೆ ಬಟ್ಟಲು ಸಿಗಲಿಲ್ಲ. ಅವನು ಅದನ್ನ ಬರಿದು ಮಾಡಿದ್ದು ಬಾಯಾರಿಕೆಗೆ, ಅವಮಾನಕ್ಕಲ್ಲ. ರಾಣಿ ಎದುರು ಬಂದು ನಿಲ್ಲೋ ಹೊತ್ತಿಗೆ ವಿಷ ತಲೆಗೇರಿತ್ತು."

ಓಸ್ಲಾಕ್ ಆ ಬೀಜಗಳನ್ನೇ ನೋಡುತ್ತ ನುಡಿದ. "ಒಂದೆರಡು ದಿನ ಮಲಗಲಿ ಅಂತಷ್ಟೇ... ತಪ್ಪು ಆಕೆ ಮೇಲೆ ಬರಲಿ ಅಂತ. ಕೂಸು ಬೆಳೆದ್ರೆ ಪಟ್ಟ ಅದಕ್ಕೇ ಅಲ್ವಾ? ನನ್ನ ಹುಡುಗನಿಗೆ ಏನು ಉಳೀತು? ಅಳತೆ ತಪ್ಪಿಬಿಡ್ತು." ಅವನು ಮಗುವಿನಂತೆ ಅತ್ತ. ಪಾಪ ಅನಿಸಿತು ಟಾಟೆಗೆ; ಹಾಗನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ರಾಜ ಕೂಸನ್ನು ತರಿಸಿ, ತಾನೇ ರಾಣಿಯ ಕೈಗಿತ್ತ. "ನೀನು ಇಂಥದ್ದು ಮಾಡೋಳಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು, ಸೆಲೆತ್ರಿತ್."

ರಾಣಿ ಕೂಸನ್ನು ಎದೆಗವಚಿಕೊಂಡು ತಲೆಯೆತ್ತಿದಳು.

"ಗೊತ್ತಿದ್ದೂ ಸುಮ್ಮನಿದ್ರಾ?"