ಸೊಸೆ ಆರಿಸಿದ ಹಾಡು

ಅತ್ತೆ ಅಡುಗೆಮನೆಯೊಳಗೆ ಕಾಲಿಟ್ಟಳೋ ಇಲ್ಲವೋ, ಒಳಗಿನ ಗುನುಗು ಟಪ್ಪನೆ ನಿಂತುಹೋಯಿತು. ಸೊಸೆ ಕೈಯಲ್ಲಿದ್ದ ಹಾಳೆಯನ್ನು ಡಬ್ಬವೊಂದರ ಕೆಳಗೆ ತುರುಕಿ, ಏನೂ ಆಗದವಳಂತೆ ಈರುಳ್ಳಿ ಹೆಚ್ಚತೊಡಗಿದಳು.

“ಏನೇ ಅದು?”

“ಏನಿಲ್ಲ ಅತ್ತೆ... ಸಾಮಾನಿನ ಚೀಟಿ.”

ಸಾಮಾನಿನ ಚೀಟಿಯಂತೆ! ಯಾವ ಸಾಮಾನಿನ ಚೀಟಿಯನ್ನು ಜನ ರಾಗವಾಗಿ ಓದುತ್ತಾರೆ? ಅತ್ತೆ ಒಂದು ಲೋಟ ನೀರು ಕುಡಿದು, ಬೇಕೆಂದೇ ಇನ್ನೊಂದು ಲೋಟ ಬಗ್ಗಿಸಿಕೊಂಡು, ಅಲ್ಲೇ ನಿಂತಳು. ಸೊಸೆ ತಲೆ ಎತ್ತಲಿಲ್ಲ. ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತಿದ್ದಳು.

ಈ ಅತ್ತೆಗೆ ನಾಟಕ ಕಂಪನಿಯಲ್ಲಿ ಎಲ್ಲರೂ ಪೆಟ್ಟಿಗೆಯಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತ ಹೆಂಗಸಿಗೆ ಬೇರೆ ಹೆಸರೇಕೆ ಬೇಕು? ಅದಕ್ಕೂ ಮೊದಲು ಅವಳು ಅದೇ ಕಂಪನಿಯ ನಾಯಕಿ. ದೋಣಿಯವನ ಮಗಳ ಕಥೆಯ ಆ ಸಂಗೀತ ನಾಟಕದಲ್ಲಿ ಅವಳು ಹಾಡಲು ನಿಂತರೆ ಜನ ಕೆಮ್ಮುವುದನ್ನೂ ಮರೆಯುತ್ತಿದ್ದರು. ಮಗ ಹುಟ್ಟಿದ ವರ್ಷವೇ ಗಂಟಲಿಗೆ ಕಾಯಿಲೆ ಬಂತು, ಆಪರೇಷನ್ ಆಯಿತು, ಹೊರಬಂದದ್ದು ಒಡಕು ದನಿ. ಆವತ್ತಿನಿಂದ ಅವಳು ಬಾಯಿಬಿಟ್ಟು ಒಂದು ಸಾಲು ಹಾಡಿದವಳಲ್ಲ. ಹೆತ್ತ ಕೂಸಿಗೆ ಜೋಗುಳ ಕೂಡ ಇಲ್ಲ! ಈಗ ಇಷ್ಟು ವರ್ಷಗಳ ಮೇಲೆ ಅದೇ ನಾಟಕವನ್ನು ಮತ್ತೆ ಆಡಿಸುತ್ತಾರಂತೆ. ನಾಯಕಿಯ ಆಯ್ಕೆಗೆ ಕಂಪನಿಯ ಕಟ್ಟಳೆ ಹಳೆಯದೇ: ನಾಟಕದೊಳಗಿನ ಯಾವುದಾದರೂ ಹಾಡನ್ನು ಅವರವರೇ ಆರಿಸಿಕೊಳ್ಳಬೇಕು, ಒಬ್ಬರಿಗೆ ಒಂದೇ ಹಾಡು, ಒಂದೇ ಸಲ, ಮೂವತ್ತು ತುಂಬಿದವರು ಬರುವಂತಿಲ್ಲ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಸೊಸೆಗೆ ಮೂವತ್ತು ತುಂಬಲು ಇನ್ನು ಎರಡೇ ತಿಂಗಳು. ಈ ಸಲ ತಪ್ಪಿದರೆ ಅವಳ ಪಾಲಿಗೆ ರಂಗದ ಬಾಗಿಲು ಮುಚ್ಚಿದಂತೆಯೇ.

ಸರಿ, ಹಾಡಲಿ. ಬೇಡ ಅಂದವರಾರು? ಆದರೆ ಯಾವ ಹಾಡು ಅಂತ ಹೇಳುವುದಕ್ಕೇನು ಕಷ್ಟ? ಬೇರೆ ಹುಡುಗಿಯರೆಲ್ಲ ವಾರಕ್ಕೆ ಮೊದಲೇ ಬಂದು, “ಪೆಟ್ಟಿಗೆಯಮ್ಮ, ನಂದು ಉಯ್ಯಾಲೆ ಹಾಡು, ಸ್ವಲ್ಪ ನೋಡ್ಕೊಳ್ಳಿ” ಎಂದು ಹಲ್ಲು ಗಿಂಜಿ ಹೋಗಿದ್ದರು. ಒಂದೇ ಸೂರಿನ ಕೆಳಗಿರುವ ಇವಳಿಗೆ ಬಾಯಿಗೆ ಬೀಗ! ಅತ್ತೆಯ ತಲೆಗೆ ಹುಳ ಹೊಕ್ಕಿತು. ಅವಳು ಹಾಸಿಗೆ ಕೊಡವುವ ನೆಪದಲ್ಲಿ ಸೊಸೆಯ ಕೋಣೆ ನೋಡಿದಳು. ಸೊಸೆ ಸ್ನಾನಕ್ಕೆ ಹೋದಾಗ ಅವಳ ಕೈಚೀಲವನ್ನೂ ನೋಡಿದಳು. ಸಿಕ್ಕಿದ್ದು ಕೆಮ್ಮಿನ ಗುಳಿಗೆ ಮಾತ್ರ. ಆದರೆ ತನ್ನ ಟ್ರಂಕಿನ ತಳದಲ್ಲಿ ಇಷ್ಟು ಕಾಲ ಮಲಗಿದ್ದ ಆ ನಾಟಕದ ಹಾಡಿನ ಪುಸ್ತಕ ಮಾಯವಾಗಿತ್ತು.

ಅದೇ ಸಂಜೆ ಕಂಪನಿಯ ಓಣಿಯಂಥ ವರಾಂಡದಲ್ಲಿ, ಬಣ್ಣ ಹಚ್ಚುವ ಕೋಣೆಯ ಪಕ್ಕ, ಸೊಸೆ ನಿರ್ದೇಶಕನ ಜೊತೆ ಪಿಸುಗುಡುತ್ತಿದ್ದುದು ಕಿವಿಗೆ ಬಿತ್ತು. “ಅತ್ತೆಗೆ ಗೊತ್ತಾಗಬಾರದು ಸಾರ್... ಗೊತ್ತಾದ್ರೆ ಖಂಡಿತ ಒಪ್ಪಲ್ಲ.” ನಿರ್ದೇಶಕ ನಕ್ಕು, “ಆಯ್ತಮ್ಮ, ನಾನು ಬಾಯಿ ಬಿಡಲ್ಲ” ಎಂದ.

ಅತ್ತೆ ಬಾಗಿಲ ಮರೆಗೆ ಸರಿದಳು. ಹಾರ್ಮೋನಿಯಂ ತೆಗೆದು ರೆಕಾರ್ಡ್ ಹಾಕಿ ನಾಟಕ ಆಡಿಸುವ ಮಾತು ಕಂಪನಿಯಲ್ಲಿ ಆರು ತಿಂಗಳಿಂದ ಓಡಾಡುತ್ತಿತ್ತು. ಅಂದರೆ ಇದೇ ವಿಷಯ! ತನ್ನನ್ನು ಮನೆಗೆ ಕಳಿಸುವುದಕ್ಕೆ ಸೊಸೆಯೇ ಒಪ್ಪಿಗೆ ಕೊಟ್ಟು, ಬದಲಿಗೆ ಪಾತ್ರ ಗಿಟ್ಟಿಸುತ್ತಿದ್ದಾಳೆ!

ಕಂಪನಿಯಲ್ಲಿ ಲೈಟು ನೋಡಿಕೊಳ್ಳುವ ಮಗನನ್ನು ಅವಳು ಏಣಿಯ ಬುಡದಲ್ಲೇ ಹಿಡಿದಳು. “ಏನೋ ನಡೀತಿದೆ ಮನೇಲಿ?”

“ಏನೂ ಇಲ್ಲಮ್ಮ.”

“ನನ್ನ ಮುಖ ನೋಡಿ ಹೇಳು.”

ಅವನು ಮೇಲಿನ ಬಲ್ಬು ನೋಡಿದ. “ನಾಳೆ ಒಂದು ದಿನ ತಡ್ಕೊಳಮ್ಮ... ನಿಂಗೇ ಗೊತ್ತಾಗತ್ತೆ.”

ಅಯ್ಯೋ, ಹೊಟ್ಟೆಯಲ್ಲಿ ಹುಟ್ಟಿದವನೂ ಅವಳ ಕಡೆಯೇ! ಅತ್ತೆ ಮತ್ತೆ ಏನೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಅನುಮಾನ ಹೊಕ್ಕ ಮನುಷ್ಯರಿಗೆ ಕೇಳುವುದಕ್ಕಿಂತ ಲೆಕ್ಕ ಹಾಕುವುದೇ ಹಿತ ನೋಡಿ!

ಮರುದಿನ ಬೆಳಿಗ್ಗೆ ಹದಿನಾಲ್ಕು ಹುಡುಗಿಯರು ಹಾಡಿದರು, ಅದರಲ್ಲಿ ಒಂಬತ್ತು ಜನರದು ಉಯ್ಯಾಲೆ ಹಾಡೇ. ಅತ್ತೆ ಎಲ್ಲರಿಗೂ ಅಚ್ಚುಕಟ್ಟಾಗಿ ನುಡಿಸಿದಳು. ಕೊನೆಗೆ ಸೊಸೆ ರಂಗದ ನಡುವೆ ಬಂದು ನಿಂತು, ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಹೇಳಿದಳು: “ಬೀಳ್ಕೊಡುವ ಹಾಡು ಸಾರ್. ಶ್ರುತಿ ಬಿಳಿ ಐದು, ಅತ್ತೆ.”

ಅತ್ತೆ ತಲೆ ಎತ್ತಿ ಸೊಸೆಯನ್ನು ನೋಡಿದಳು. ಬೀಳ್ಕೊಡುವ ಹಾಡು! ದೋಣಿ ಹತ್ತುವ ಮಗಳು ಒಂದು ಸಾಲು, ದಡದಲ್ಲಿ ನಿಂತ ತಾಯಿ ಒಂದು ಸಾಲು ಹಾಡುವ ಹಾಡು. ಆಯ್ಕೆಯ ದಿನ ಅದನ್ನು ಯಾರಾದರೂ ಹಾಡಿದರೆ ಮಗಳ ಸಾಲನ್ನಷ್ಟೇ ಹಾಡುವುದು, ತಾಯಿಯ ಸಾಲನ್ನು ಪೆಟ್ಟಿಗೆ ನುಡಿಸುವುದು ವಾಡಿಕೆ. ತಾನು ಗಂಟಲು ಕಳೆದುಕೊಳ್ಳುವ ಮೊದಲು ಕೊನೆಯದಾಗಿ ಹಾಡಿದ ಹಾಡು ಅದು, ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದನ್ನೇ ಆರಿಸಿದ್ದಾಳೆ! ನನ್ನ ಪುಸ್ತಕ ಕದ್ದು, ನನ್ನ ಹಾಡು ಕದ್ದು, ನನ್ನ ಕೈಯಿಂದಲೇ ನುಡಿಸಿ, ನಾಳೆ ನನ್ನನ್ನೇ ಆಚೆ ಹಾಕಿಸುತ್ತಾಳೆ...

ಮೂವತ್ತು ವರ್ಷದಲ್ಲಿ ಮಾಡದ ಕೆಲಸವನ್ನು ಪೆಟ್ಟಿಗೆಯಮ್ಮ ಆಗ ಮಾಡಿದಳು. ಶ್ರುತಿಗೆ ಪೆಟ್ಟಿಗೆಯ ಐದನೆಯ ಬಿಳಿ ಕೀಲಿಯ ಬದಲು ಆರನೆಯದನ್ನು ಹಿಡಿದಳು. ಒಂದೇ ಒಂದು ಸ್ವರ ಮೇಲೆ. ಹೆದರಿಕೆಯಲ್ಲಿ ನಿಂತವರಿಗೆ ಅದು ತಿಳಿಯುವುದೇ ಇಲ್ಲ. ಪಲ್ಲವಿ ಸಲೀಸಾಗಿ ಸಾಗುತ್ತದೆ. ಚರಣ ಮೇಲೇರಿದಾಗ ಗಂಟಲು ಕೈಕೊಡುತ್ತದೆ. ಆಗ ಕೇಳುವವರು ಬೈಯುವುದು ಹಾಡುವವರನ್ನು, ಪೆಟ್ಟಿಗೆಯನ್ನಲ್ಲ.

“ದೋಣಿ ಬಂತು, ಹೋಗಲೇನೇ ಅಮ್ಮಾ...”

ಸೊಸೆಯ ದನಿ ಸಭಾಂಗಣದ ಕೊನೆಯ ಸಾಲಿನವರೆಗೆ ಹೋಯಿತು. ಚರಣ ಬಂತು. ಮೇಲಿನ ಸ್ವರಕ್ಕೆ ಕೈಚಾಚಿದಳು... ಸಿಗಲಿಲ್ಲ. ದನಿ ಬಿರುಕುಬಿಟ್ಟು ಕಿರಿಚಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸೊಸೆಯ ಕಣ್ಣು ತುಂಬಿತು, ಆದರೂ ಅವಳು ನಿಲ್ಲಿಸಲಿಲ್ಲ. ಸಾಲು ಮುಗಿಸಿ ನಿರ್ದೇಶಕನ ಕಡೆಗೆ ಬೆನ್ನು ಹಾಕಿ, ಅತ್ತೆಯತ್ತ ತಿರುಗಿ, ಎರಡೂ ಕೈ ಚಾಚಿ ನಿಂತಳು.

ಅತ್ತೆ ತಾಯಿಯ ಸಾಲನ್ನು ನುಡಿಸಲು ಹೋದಳು. ಸೊಸೆ ಬೇಡವೆಂದು ತಲೆಯಾಡಿಸಿದಳು.

“ನುಡಿಸಬೇಡಿ ಅತ್ತೆ... ಹಾಡಿ.”

“ಏನಂದೆ?”

ನಿರ್ದೇಶಕ ಕುರ್ಚಿಯಿಂದ ಎದ್ದ. “ಹಾಡಿ ಪೆಟ್ಟಿಗೆಯಮ್ಮ. ತಾಯಿ ಪಾತ್ರಕ್ಕೆ ನಂಗೆ ನಯವಾದ ದನಿ ಬೇಡ, ಮಗಳನ್ನ ಕಳಿಸಿ ಅತ್ತೂ ಅತ್ತೂ ಒಡೆದ ದನಿ ಬೇಕು. ಮೊದಲೇ ಹೇಳಿದ್ರೆ ನೀವು ಒಪ್ಪಲ್ಲ ಅಂತ ನಿಮ್ಮ ಸೊಸೆ ಹದಿನೈದು ದಿನದಿಂದ ನನ್ನ ಜೀವ ತಿಂದಿದ್ದಾಳೆ. ಎಲ್ಲರೂ ಉಯ್ಯಾಲೆ ಹಾಡು ಆರಿಸಿದ್ರೆ ಇವಳು ನಿಮಗೋಸ್ಕರ ಈ ಕಷ್ಟದ್ದನ್ನ ಆರಿಸಿದ್ದು.”

ದೇವರೇ! ಅತ್ತೆ ಬಾಯಿ ತೆರೆದಳು. ಆ ಎತ್ತರದ ಶ್ರುತಿಯಲ್ಲಿ ಅವಳ ಒಡಕು ಗಂಟಲಿನಿಂದ ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಸೊಸೆಗೆ ತೋಡಿದ ಗುಂಡಿಯಲ್ಲಿ ಅವಳೇ ನಿಂತಿದ್ದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. “ಪಾಪ, ಇಬ್ಬರಿಗೂ ಈವತ್ತು ಗಂಟಲು ಸರಿಯಿರಲಿಲ್ಲ” ಎಂದುಕೊಂಡು ಜನ ಎದ್ದುಹೋಗುತ್ತಿದ್ದರು. ಅವಳ ಪೆಟ್ಟಿಗೆ ಅವಳಿಗೇ ಉಳಿಯುತ್ತಿತ್ತು. ಆದರೆ ಆ ಚಾಚಿದ ಕೈಗಳು ಇನ್ನೂ ಹಾಗೇ ಇದ್ದವು.

ಅತ್ತೆ ಪೆಟ್ಟಿಗೆ ಬಿಟ್ಟು ಎದ್ದಳು. “ಅವಳದ್ದು ತಪ್ಪಿಲ್ಲ ಸಾರ್. ಅವಳು ಕೇಳಿದ್ದು ಬಿಳಿ ಐದು. ನಾನು ಹಿಡಿದದ್ದು ಬಿಳಿ ಆರು.”

“ಕೈತಪ್ಪಿ ಆಗಿರತ್ತೆ, ಬಿಡಿ...”

“ಕೈತಪ್ಪಿ ಅಲ್ಲ! ಬೇಕು ಅಂತಲೇ ಹಿಡಿದೆ. ಅವಳ ದನಿ ಒಡೀಲಿ ಅಂತಲೇ ಹಿಡಿದೆ. ನನಗೆ ಏನು ಬೇಕಾದ್ರೂ ಮಾಡಿ ಸಾರ್... ಅವಳಿಗೆ ಇನ್ನೊಂದು ಸಲ ಕೊಡಿ!”

ನಿರ್ದೇಶಕ ಮತ್ತೆ ಕುರ್ಚಿಯಲ್ಲಿ ಕೂತು, “ಇನ್ನೊಂದು ಸಲ ಹಾಡಲಿ. ಆದರೆ ಶ್ರುತಿ ಕೆಡಿಸಿದ ಕೈ ಈ ಪೆಟ್ಟಿಗೆ ಮೇಲೆ ಇನ್ನಿರಬಾರದು. ತಾಯಿ ಪಾತ್ರದ ಮಾತೂ ಇಲ್ಲಿಗೆ ಮುಗೀತು” ಎಂದ.

ಸೊಸೆ ಪೆಟ್ಟಿಗೆಯಿಲ್ಲದೆಯೇ ಹಾಡಿದಳು. ಈ ಸಲ ಅವಳು ಅತ್ತೆಯತ್ತ ತಿರುಗಲಿಲ್ಲ. ತಾಯಿಯ ಸಾಲು ಬರಬೇಕಾದ ಕಡೆಯಲ್ಲೆಲ್ಲ ಸುಮ್ಮನೆ ನಿಂತಳು. ಆ ಮೌನ ಕೇಳಲಾರದೆ ಅತ್ತೆ ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಪಾತ್ರ ಸೊಸೆಗೇ ಸಿಕ್ಕಿತು.

ಮಗ ಕೆಲಸ ಮುಗಿಸಿ ಬರುವುದು ತಡವೆಂದು ಇಬ್ಬರೇ ಬಸ್ಸಿಗೆ ನಿಂತರು. ಸೊಸೆಯೇ ಮೊದಲು ಸಿಡಿದಳು: “ನಿಮಗೆ ಸಂತೋಷ ಆಗ್ಲಿ ಅಂತ ಮುಚ್ಚಿಟ್ಟೆ ಅತ್ತೆ... ನೀವು ನನ್ನ ಕುತ್ತಿಗೆನೇ ಹಿಸುಕೋಕೆ ನೋಡಿದ್ರಲ್ಲಾ!”

“ಹೌದು ಕಣೇ. ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ.”

“ಈವತ್ತು ಕೇಳಲೇಬೇಡಿ. ಈವತ್ತು ನನ್ನ ಕೈಲಿ ಆಗಲ್ಲ.”

ಬಸ್ಸು ಬಂತು. ಎರಡು ಸೀಟು ಸಿಕ್ಕಿತು. ಸೊಸೆ ಕಿಟಕಿಗೆ ಮುಖ ತಿರುಗಿಸಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ತನಗೇ ಗೊತ್ತಿಲ್ಲದೆ ಹಾಡಿನ ಚರಣ ಗುನುಗತೊಡಗಿದಳು. ಮೂರನೆಯ ಸಾಲಿನಲ್ಲಿ ಸ್ವರ ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಅತ್ತೆಯ ಕಿವಿಗೆ ಅದು ಚುಚ್ಚಿತು. ಹೇಳಿದರೆ ಹೊಟ್ಟೆಕಿಚ್ಚು ಎಂದಾಳು. ಹೇಳದಿದ್ದರೆ ಅದು ಇನ್ನೊಂದು ಮೋಸ... ಕೊನೆಗೆ ತಡೆಯಲಾರದೆ ಮೆಲ್ಲಗೆ ಹೇಳಿದಳು.

“ಅಲ್ಲಿ ಇಳೀತಿದೆ ಕಣೇ. ಒಂದು ಚೂರು ಮೇಲೆ ತಗೋ.”

ಸೊಸೆ ಗುನುಗು ನಿಲ್ಲಿಸಿ ತಿರುಗಿದಳು. ಅತ್ತೆಯ ಮುಖವನ್ನು, ಕಣ್ಣನ್ನು, ತುಟಿಯನ್ನು ಒಂದೊಂದಾಗಿ ನೋಡಿದಳು. ಅಂಥ ನೋಟ ಇಷ್ಟು ದಿನ ಅತ್ತೆಯ ಕಣ್ಣಲ್ಲಿತ್ತು.

“ನಿಜವಾಗ್ಲೂನಾ ಅತ್ತೆ?”

ಮೂವತ್ತು ವರ್ಷದಲ್ಲಿ ಪೆಟ್ಟಿಗೆಯಮ್ಮನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಇನ್ನು ಮುಂದೆ ದಿನಾ ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಅವಳಿಗೆ ಗೊತ್ತಾಯಿತು.

“ನಿಜವಾಗ್ಲೂ ಕಣೇ,” ಎಂದಳು.

ಸೊಸೆ ಮತ್ತೆ ಕಿಟಕಿಯತ್ತ ತಿರುಗಿದಳು. ಎರಡು ಸ್ಟಾಪು ಕಳೆದವು. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಹಿಡಿದು, ಒಂದು ಚೂರು ಮೇಲೆ ತಗೊಂಡಳು.