ಎಂಟು ನಿಮಿಷದ ರೋಗಿ

ಅವಳ ಕೋಣೆಯ ಬಾಗಿಲ ಹೊರಗೆ ನಾನು ಹತ್ತು ನಿಮಿಷ ಪೆದ್ದನ ಹಾಗೆ ನಿಂತಿದ್ದೆ. ಕೈಯಲ್ಲಿ ಒಬ್ಬ ಅಜ್ಜನ ಎದೆಯ ಎಕ್ಸ್-ರೇ ಇತ್ತು. ಮರುದಿನ ಅಜ್ಜನಿಗೆ ಆಪರೇಷನ್. ಅರಿವಳಿಕೆ ಕೊಡುವ ಡಾಕ್ಟರ್, ಅಂದರೆ ಅವಳು, ಫಿಲ್ಮ್ ನೋಡಿ ಹೂಂ ಅನ್ನದೆ ನಮ್ಮ ಆಸ್ಪತ್ರೆಯಲ್ಲಿ ಯಾರ ಹೊಟ್ಟೆಗೂ ಕತ್ತಿ ತಾಗುವುದಿಲ್ಲ. ಆದರೆ ಒಳಗೆ ಅವಳು ಯಾರಿಗೋ ಕೆಟ್ಟ ಸುದ್ದಿ ಹೇಳುತ್ತಿದ್ದಳು. ಇದು ನಿಮಗೆ ಎಷ್ಟು ಕಷ್ಟ ಅಂತ ಗೊತ್ತು, ಅವಸರವಿಲ್ಲ, ಜೊತೆಗೆ ಯಾರಾದರೂ ಇರಬೇಕೆನಿಸುತ್ತದೆಯೇ ಎಂದೆಲ್ಲ ಇಂಗ್ಲಿಷಿನಲ್ಲಿ, ಹತ್ತಿಯಷ್ಟು ಮೃದುವಾಗಿ ಕೇಳುತ್ತಿದ್ದಳು. ನಮ್ಮ ಆಸ್ಪತ್ರೆಗೆ ಇಂಗ್ಲಿಷ್ ರೋಗಿ ಯಾವಾಗ ಬಂದ ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ದನಿ ಕೇಳುತ್ತಾ ನಾನು ಕೈಯಲ್ಲಿದ್ದ ಎಕ್ಸ್-ರೇಯನ್ನೂ ಮರೆತಿದ್ದೆ.

ಕೊನೆಗೆ ಧೈರ್ಯ ಮಾಡಿ ಬಾಗಿಲು ತಳ್ಳಿದೆ. ಒಳಗೆ ಅವಳೊಬ್ಬಳೇ ಇದ್ದಳು. ಎದುರಿಗೆ ಖಾಲಿ ಕುರ್ಚಿ, ಅದರ ಬೆನ್ನಿಗೆ ಅವಳದೇ ಬಿಳಿ ಕೋಟು.

"ಕುರ್ಚಿಗೆ ಏನಾಗಿದೆ ಡಾಕ್ಟ್ರೇ?" ಅಂದೆ.

ಅವಳ ಕಿವಿಯ ತುದಿ ಕೆಂಪಗಾಯಿತು. ಮುಖ ಮಾತ್ರ ಗಂಭೀರವಾಗಿಯೇ ಇತ್ತು. "ಇನ್ನು ಆರು ತಿಂಗಳಂತೆ, ಪಾಪ," ಅಂದಳು. ನಾನು ಅವಳನ್ನು ಸರಿಯಾಗಿ ನೋಡಿದ್ದು ಅವತ್ತೇ.

ವಿಷಯ ಇಷ್ಟೇ. ಶ್ರೀಮಂತ ದೇಶವೊಂದಕ್ಕೆ ಹೋಗಿ ಡಾಕ್ಟರ್ ಆಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ಅಲ್ಲಿ ರೋಗಿಗಳ ಹಾಗೆ ನಟಿಸುವವರನ್ನು ಕೂರಿಸಿರುತ್ತಾರೆ. ಒಬ್ಬೊಬ್ಬರಿಗೆ ಎಂಟು ನಿಮಿಷ. ಮೂಲೆಯಲ್ಲಿ ಪರೀಕ್ಷಕ. ಕಾಯಿಲೆ ಕಂಡುಹಿಡಿದರೆ ಸಾಲದು, ಮರುಕಕ್ಕೂ ಮಾರ್ಕ್ಸ್ ಉಂಟು. ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಡಾಕ್ಟರುಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋಗುವ ದೇಶ, ಅವರಿಗೆ ಮರುಕ ಇದೆಯೋ ಇಲ್ಲವೋ ಎಂದು ನೋಡಿ ಆರಿಸುತ್ತದೆ. ನಮ್ಮ ಕ್ವಾರ್ಟರ್ಸಿನ ಒಂಬತ್ತು ಮನೆಗಳಲ್ಲಿ ಐದಕ್ಕೆ ಬೀಗ. ಬೋರ್ಡುಗಳು ಮಾತ್ರ ಬಾಗಿಲ ಮೇಲೆ ಹಾಗೇ ಇವೆ. ಮಕ್ಕಳ ಡಾಕ್ಟರ್, ಕಿವಿ ಮೂಗಿನವರು, ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿದ್ದವರು, ಎಲ್ಲ ಹೋದರು. ಬೀಳ್ಕೊಡುಗೆಗೆ ಹಾರ ತರುವುದು ನನ್ನ ಕೆಲಸವಾಗಿತ್ತು.

ಆದರೂ ನಾನು ಆ ಕುರ್ಚಿಯಲ್ಲಿ ಕೂತೆ. ಕೋಟಿಗಿಂತ ನಾನು ವಾಸಿ ಎಂದು ನಾನೇ ಹೇಳಿಕೊಂಡೆ.

ದಿನಾ ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಎಂಟು ನಿಮಿಷ. ಒಂದು ದಿನ ನನಗೆ ಎದೆನೋವು, ಒಂದು ದಿನ ಸಕ್ಕರೆ ಕಾಯಿಲೆ, ಒಂದು ದಿನ ನಾನು ಕೂಗಾಡುವ ಗಂಡ. ಅವಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ನಾನು ನಮ್ಮ ಭಾಷೆಯಲ್ಲಿ ನರಳುತ್ತಿದ್ದೆ. ನರಳುವುದರಲ್ಲಿ ನನ್ನದು ಎತ್ತಿದ ಕೈ. ಒಂಬತ್ತು ವರ್ಷ ಎಕ್ಸ್-ರೇ ಮೇಜಿನ ಮೇಲೆ ಎಂತೆಂಥ ನರಳಾಟ ಕಂಡವನು ನಾನು.

ಮೊದಮೊದಲು ಅವಳು ಪುಸ್ತಕದಲ್ಲಿದ್ದಂತೆಯೇ ಮಾತಾಡುತ್ತಿದ್ದಳು. ಬರಬರುತ್ತಾ ಸಲುಗೆ ಬೆಳೆಯಿತು. ಎಷ್ಟು ದಿನದಿಂದ ನೋವು ಅಂದಾಗ ನಾನು ಮೂರು ದಿನ ಎಂದರೆ, ಕಣ್ಣು ಕಿರಿದು ಮಾಡಿ, "ಮೂರು ದಿನದಿಂದ ಏನ್ ಕತ್ತೆ ಕಾಯ್ತಿದ್ರಾ?" ಎನ್ನುತ್ತಿದ್ದಳು. ನಾಡಿ ನೋಡಲು ಹಿಡಿದ ಕೈಯನ್ನು ಒಂದು ನಿಮಿಷದ ಮೇಲೂ ಹಿಡಿದಿರುತ್ತಿದ್ದಳು. ಆಗ ನನ್ನ ನಾಡಿ ನೂರರ ಮೇಲೆ ಓಡುತ್ತಿತ್ತು. ಅವಳು ಗಡಿಯಾರ ನೋಡುತ್ತಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಅವಳಿಗೆ ಎಣಿಸಲು ಬರುತ್ತದೆ, ಅದೇ ತೊಂದರೆ.

ನನ್ನ ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಊಟಕ್ಕೆ ಬಡಿಸುತ್ತಾ ಒಂದೇ ಮಾತು ಕೇಳಿದಳು. ಹೋಗುವವಳಿಗೆ ಹೋಗಲು ನೀನೇ ಪಾಠ ಹೇಳಿಕೊಡ್ತಿದ್ದೀಯ, ನಿನ್ನ ತಲೆ ಸರಿಯಿದೆಯೇ ಎಂದು. ಇಲ್ಲ ಎಂದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಪರೀಕ್ಷೆ ಆ ದೇಶದಲ್ಲೇ. ಒಂದು ವಾರ ರಜೆ ಹಾಕಿ ಹೋಗಿ ಬಂದಳು. ತಿಂಗಳಾದ ಮೇಲೆ ಫಲಿತಾಂಶ ಬಂತು. ಫೇಲ್.

ನನ್ನ ಕೈಗೆ ಫೋನ್ ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತಳು. ಪರೀಕ್ಷಕರ ಟಿಪ್ಪಣಿ ಅದರಲ್ಲಿತ್ತು. ವೈದ್ಯಕೀಯ ಜ್ಞಾನ ಉತ್ತಮ. ರೋಗಿಯೊಂದಿಗೆ ಅತಿಯಾದ ಸಲುಗೆ.

ನಿಧಾನವಾಗಿ ಕೇಳಿದಾಗ ಕತೆ ಹೊರಬಂತು. ನಟನೊಬ್ಬ ಮೂರು ದಿನದಿಂದ ಹೊಟ್ಟೆನೋವು, ಯಾರಿಗೂ ಹೇಳಿಲ್ಲ ಎಂದನಂತೆ. ಅವಳು ಅಭ್ಯಾಸಬಲದಿಂದ, ಅಷ್ಟು ದಿನ ಏನು ಕತ್ತೆ ಕಾಯುತ್ತಿದ್ದೆಯಾ ಎಂದು ಆ ದೇಶದ ಮನುಷ್ಯನನ್ನು ಅಚ್ಚ ಇಂಗ್ಲಿಷಿನಲ್ಲಿ ಕೇಳಿಬಿಟ್ಟಿದ್ದಳು. ಅವನು ಗಾಬರಿಯಾಗಿ, ತನ್ನ ಬಳಿ ಕತ್ತೆ ಇಲ್ಲ ಎಂದನಂತೆ. ಮೂಲೆಯಲ್ಲಿದ್ದ ಪರೀಕ್ಷಕ ಪೆನ್ನು ಎತ್ತಿದ್ದು ಆಗಲೇ.

ನಾನು ನಗಬಾರದಿತ್ತು. ನಕ್ಕೆ. ಅವಳು ತಿರುಗಿ ನೋಡಿದಳು, ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ನಗುತ್ತಾ ನಗುತ್ತಾ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಆ ಟಿಪ್ಪಣಿ ಆ ನಟನ ವಿಷಯವಾಗಿರಲಿಲ್ಲ, ನನ್ನ ವಿಷಯವಾಗಿತ್ತು. ತಕ್ಷಣ ನಗು ನಿಂತಿತು. ನಾನು ಫಿಲ್ಮ್ ತೊಳೆಯುವುದಿದೆ ಎಂದು ಹೇಳಿ ಅಲ್ಲಿಂದ ಕಾಲ್ತೆಗೆದೆ. ನಮ್ಮಲ್ಲಿ ಫಿಲ್ಮು ಪ್ರಿಂಟರಿನಿಂದ ಒಣಗಿಯೇ ಬರತೊಡಗಿ, ತೊಳೆಯುವುದು ನಿಂತು ಎರಡು ವರ್ಷವಾಗಿತ್ತು.

ಆಸ್ಪತ್ರೆಯಲ್ಲಿ ಸುದ್ದಿಗೆ ಕಾಲು ಬಂದಿರುತ್ತದೆ. ಎರಡೇ ದಿನದಲ್ಲಿ ದೊಡ್ಡ ಡಾಕ್ಟರ್, ಅಂದರೆ ನಮ್ಮ ಸೂಪರಿಂಟೆಂಡೆಂಟ್, ನನ್ನನ್ನು ಕರೆಸಿದರು. ಒಳ್ಳೆಯ ಸರ್ಜನ್. ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಊದಿಕೊಂಡು, ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿ ಕೂತಿದ್ದರು. ಅವಳು ಹೋದರೆ ಆಪರೇಷನ್ ಥಿಯೇಟರಿಗೆ ಬೀಗ ಹಾಕಬೇಕು ಎಂದರು. ಅದು ನಿಜವೇ.

"ನಿನ್ನ ಮಾತು ಅಂದ್ರೆ ಅವಳು ಕೇಳ್ತಾಳೆ. ಇರು ಅಂತ ಹೇಳು. ನಿನ್ನ ಖಾಯಂ ಫೈಲ್ ನಾನು ನೋಡ್ಕೋತೀನಿ," ಅಂದರು.

ಒಂಬತ್ತು ವರ್ಷದಿಂದ ನಾನು ಕಾಂಟ್ರಾಕ್ಟ್ ಮೇಲಿದ್ದೇನೆ. ಪ್ರತಿ ಮಾರ್ಚಿನಲ್ಲಿ ನನ್ನ ಕೆಲಸ ಸತ್ತು ಏಪ್ರಿಲ್‌ನಲ್ಲಿ ಹುಟ್ಟುತ್ತದೆ. ಆ ಫೈಲಿನ ಆಸೆ ನನಗಿಲ್ಲ ಎಂದರೆ ಸುಳ್ಳು. ಒಂದು ಕ್ಷಣ ಲೆಕ್ಕ ಹಾಕಿಯೂ ನೋಡಿದೆ. ಆಮೇಲೆ ಮೈಯೆಲ್ಲ ಉರಿಯಿತು. ನನ್ನ ಪ್ರೀತಿಯನ್ನು ನಾನೇ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ, ಆಗಲೇ ಅದನ್ನು ಮೂಗುದಾರ ಮಾಡಿ ಅವಳಿಗೆ ಹಾಕಲು ಹೊರಟಿದ್ದರು.

"ಸರ್, ನಾನು ಎಲುಬಿನ ಫೋಟೋ ತೆಗೆಯೋನು. ಡಾಕ್ಟರನ್ನ ಕಟ್ಟಿಹಾಕೋ ಕೆಲಸ ನನ್ನ ಕಾಂಟ್ರಾಕ್ಟಲ್ಲಿ ಇಲ್ಲ," ಎಂದು ಹೇಳಿ ಎದ್ದು ಬಂದೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನ್ನಿಂದಲೇ ಅವಳು ಫೇಲಾದಳು, ನಾನು ದೂರ ಸರಿದರೆ ಪಾಸಾಗುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಹೆಡ್ ಸಿಸ್ಟರಮ್ಮನ ಕಾಲು ಹಿಡಿದು, ಇನ್ನು ಮೇಲೆ ನೀವು ರೋಗಿಯಾಗಿ ಎಂದು ಒಪ್ಪಿಸಿದೆ. ಅವಳಿಗೆ, ನಾನಿನ್ನು ಬರುವುದಿಲ್ಲ, ನೀವು ಹೋಗಿ ಚೆನ್ನಾಗಿರಿ ಎಂದು ಮಹಾತ್ಮನ ಹಾಗೆ ಹೇಳಿದೆ. ಹೇಳಿದ ಮೇಲೆ ನನ್ನ ಬಗ್ಗೆ ನನಗೇ ಬಹಳ ಗೌರವ ಬಂತು.

ಮೂರು ದಿನ ಅವಳು ಮುಖ ಕೊಟ್ಟು ಮಾತಾಡಲಿಲ್ಲ. ಫಿಲ್ಮುಗಳು ಸಿಸ್ಟರಮ್ಮನ ಕೈಯಲ್ಲಿ ಚೀಟಿ ಸಮೇತ ವಾಪಸ್ ಬರುತ್ತಿದ್ದವು. ಮಸುಕು. ಓರೆ. ಮತ್ತೆ ತೆಗೆಯಿರಿ. ಒಂದೂ ಮಸುಕಾಗಿರಲಿಲ್ಲ, ಒಂದೂ ಓರೆಯಾಗಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ನನ್ನ ಎಕ್ಸ್-ರೇ ರೂಮಿಗೆ ಬಂದಳು. ಬಾಗಿಲು ಹಾಕಿದಳು. ಗೋಡೆಯ ಮೇಲಿನ ಸ್ವಿಚ್ ಒತ್ತಿದಳು. ಅದು ಹೊರಗಿನ ಕೆಂಪು ದೀಪದ ಸ್ವಿಚ್, ಆ ದೀಪ ಉರಿಯುವಾಗ ಮಂತ್ರಿ ಬಂದರೂ ಒಳಗೆ ಬರುವ ಹಾಗಿಲ್ಲ. ಆಮೇಲೆ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಳು.

"ಎಲ್ಲಿ ನೋವು?" ಎಂದೆ. ನಗಿಸಬಹುದೆಂಬ ಆಸೆಯಿಂದ.

ನಗಲಿಲ್ಲ. "ದೊಡ್ಡ ಡಾಕ್ಟ್ರು ಇರು ಅಂತಾರೆ. ಅಮ್ಮ ಹೋಗು ಅಂತಾಳೆ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನೀನೊಬ್ಬ ಮನುಷ್ಯ ಅಂದ್ಕೊಂಡಿದ್ದೆ, ನೀನು ತ್ಯಾಗ ಮಾಡೋಕೆ ಹೊರಟೆ. ನಿನಗೇನು ಬೇಕು ಅಂತ ಯಾರಾದ್ರೂ ಒಬ್ಬರು ನನ್ನ ಕೇಳಿದ್ರಾ?"

ಅವಳು ನನ್ನನ್ನು ನೀನು ಎಂದದ್ದು ಅದೇ ಮೊದಲು. ಬೈಗುಳದ ನಡುವೆಯೂ ಅದು ನನ್ನ ಕಿವಿಗೆ ತಂಪಾಗಿ ಬಿತ್ತು.

"ನಿನಗೇನು ಬೇಕು?" ಎಂದು ಕೇಳಿದೆ.

ಅವಳು ಹಿಂದಿನ ವರ್ಷ ಆಸ್ಪತ್ರೆಗೆ ಬಂದಿದ್ದ ನಾಲ್ಕು ವರ್ಷದ ಹುಡುಗಿಯನ್ನು ನೆನಪಿಸಿದಳು. ನನಗೂ ನೆನಪಿತ್ತು, ಆ ಮಗುವಿನ ಹೊಟ್ಟೆಯ ಎಕ್ಸ್-ರೇ ತೆಗೆದವನು ನಾನೇ. ಕರುಳು ಗಂಟುಬಿದ್ದಿತ್ತು. ದೊಡ್ಡ ಡಾಕ್ಟರ್ ಕೈ ತೊಳೆದು ಸಿದ್ಧರಾಗಿದ್ದರು. ಅಷ್ಟು ಸಣ್ಣ ಮಗುವಿಗೆ, ಅಂಥ ಸ್ಥಿತಿಯಲ್ಲಿ ಅರಿವಳಿಕೆ ಕೊಡುವುದನ್ನು ಇವಳು ಕಲಿತಿರಲಿಲ್ಲ. ತನಗೆ ಬರುವುದಿಲ್ಲ ಎಂದು ನಿಜ ಹೇಳಿ, ನಾಲ್ಕು ಗಂಟೆ ದಾರಿಯ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದಳು. ಮಗು ಅಲ್ಲಿಗೆ ತಲುಪಲಿಲ್ಲ.

"ಅದನ್ನ ಕಲೀಬೇಕು ನನಗೆ. ಕಲಿಸಬೇಕಾದೋರು ಒಬ್ಬರೂ ಇಲ್ಲಿಲ್ಲ, ಎಲ್ಲ ಅಲ್ಲಿದ್ದಾರೆ. ನಾನು ಅಲ್ಲಿಗೆ ಹೋದ್ರೆ ಓಡಿಹೋದಳು ಅಂತಾರೆ. ಅನ್ನಲಿ. ಮನೆ, ಕಾರು ಬೇಡವಾ ಅಂದ್ರೆ ಅದೂ ಬೇಕು, ಸುಳ್ಳು ಯಾಕೆ ಹೇಳ್ಲಿ. ಮತ್ತೆ ನೀನು ಬೇಕು."

ಕೊನೆಯ ಮೂರು ಪದಗಳನ್ನೂ ಅವಳು ಅದೇ ಸಿಟ್ಟಿನಲ್ಲಿ ಹೇಳಿದಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಮೇಜು ತಣ್ಣಗಿತ್ತು, ಅವಳ ಭುಜ ಬೆಚ್ಚಗಿತ್ತು. ವಾಪಸ್ ಬರುತ್ತೀಯಾ ಎಂದು ಕೇಳಿದೆ. ಗೊತ್ತಿಲ್ಲ, ಬರುತ್ತೇನೆಂದು ಸಮಾಧಾನಕ್ಕೆ ಹೇಳುವುದಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ನಿನಗೇನು ಬೇಕು ಎಂದು ನನ್ನನ್ನೂ ಕೇಳಿದಳು. ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ಯೋಚಿಸಿಯೇ ಹೇಳಿದೆ. ನನ್ನ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿಲ್ಲ. ಅಲ್ಲಿ ನಾನು ರೋಗಿಗಳ ಟ್ರಾಲಿ ತಳ್ಳಬಹುದು. ಅದು ಕೀಳು ಕೆಲಸವಲ್ಲ, ಆದರೆ ನನ್ನ ಕೆಲಸವಲ್ಲ. ಈ ಹಳೇ ಮಷೀನು ನನ್ನ ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಮುರಿದ ಎಲುಬನ್ನು ಡಾಕ್ಟರಿಗಿಂತ ಮೊದಲು ಕಾಣುವವನು ನಾನು, ಆ ಹೆಮ್ಮೆ ಬಿಡಲು ನನಗಾಗದು.

"ನನಗೆ ಈ ರೂಮೂ ಬೇಕು, ನೀನೂ ಬೇಕು," ಎಂದೆ.

"ಹಾಗಾದ್ರೆ ಇಬ್ಬರೂ ಆಸೆಬುರುಕರೇ," ಎಂದು ಅವಳು ನನ್ನ ಕಿವಿ ಹಿಂಡಿದಳು. ಹೊರಗೆ ಯಾರೋ ಬಾಗಿಲು ಬಡಿದರು. ಕೆಂಪು ದೀಪ ಕಾಣುವುದಿಲ್ಲವೇ ಎಂದು ಒಳಗಿನಿಂದ ಗದರಿಸಿದೆ. ಒಂಬತ್ತು ವರ್ಷದಲ್ಲಿ ಆ ದೀಪವನ್ನು ಸ್ವಂತಕ್ಕೆ ಬಳಸಿಕೊಂಡದ್ದು ಅವತ್ತೊಂದೇ ದಿನ.

ಎರಡನೆಯ ಸಲ ಅವಳು ಪಾಸಾದಳು. ಸಿಸ್ಟರಮ್ಮ ಎಂಥ ರೋಗಿಯೆಂದರೆ, ಕೆಟ್ಟ ಸುದ್ದಿಯ ಪಾಠದಲ್ಲಿ ನಿಜವಾಗಿಯೇ ಅತ್ತು ಅರ್ಧ ದಿನ ರಜೆ ಹಾಕಿದ್ದರು.

ಮದುವೆಯ ವಿಷಯ ಕೇಳಿ ಅವಳ ಅಮ್ಮ ಎರಡು ದಿನ ಫೋನ್ ಎತ್ತಲಿಲ್ಲ. ಅಲ್ಲಿ ಡಾಕ್ಟರ್ ವರರು ಸಾಲಾಗಿ ನಿಂತಿರುವಾಗ ಫೋಟೋ ತೆಗೆಯುವವನೇ ಎಂದು ಮೂಗು ಮುರಿದರಂತೆ. ಹೌದು, ಅವನೇ ಎಂದು ಮಗಳು ಹೇಳಿದಳಂತೆ. ನನ್ನ ಅಕ್ಕ ಮಾತ್ರ ಲೆಕ್ಕ ಬಿಡಿಸುವವಳ ಹಾಗೆ ಕೂತು, ನೀನಿಲ್ಲಿ ಅವಳಲ್ಲಿ, ಇದರಲ್ಲಿ ಸಂಸಾರ ಎಲ್ಲಿ ಎಂದು ಕೇಳಿದಳು. ಉತ್ತರ ಸಿಗುವ ತನಕ ಕಾಯುವ ಮನಸ್ಸು ನನಗಿರಲಿಲ್ಲ.

ದೊಡ್ಡ ಡಾಕ್ಟರ ಕೋಣೆಗೆ ಇಬ್ಬರೂ ಒಟ್ಟಿಗೇ ಹೋದೆವು. ಅವಳು ರಾಜೀನಾಮೆ ಪತ್ರ ಇಟ್ಟಳು. ಗುರುವಾರ ಮದುವೆ, ಇಪ್ಪತ್ತನೇ ತಾರೀಕು ಪ್ರಯಾಣ, ಇವನು ಇಲ್ಲೇ ಇರುತ್ತಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಪತ್ರ ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು.

"ನಿನ್ನ ವಯಸ್ಸಲ್ಲಿ ನನಗೂ ಕರೆ ಬಂದಿತ್ತು. ನಾನು ಹೋಗ್ಲಿಲ್ಲ," ಎಂದರು.

"ನೀವು ಉಳಿದಿದ್ದು ದೊಡ್ಡ ವಿಷಯ ಸರ್. ನಾನು ಯಾವಾಗ್ಲೂ ಹೇಳ್ತೀನಿ," ಎಂದಳು ಅವಳು. "ಆದ್ರೆ ಅದನ್ನ ನನ್ನ ತಲೆ ಮೇಲೆ ಹೊರಿಸ್ಬೇಡಿ. ಐದು ಮನೆಗೆ ಬೀಗ ಬಿದ್ದಾಗ ಮೇಲಿನೋರು ಯಾರೂ ಕೇಳ್ಲಿಲ್ಲ. ಆರನೇದಕ್ಕೆ ನಾನೊಬ್ಬಳೇ ಉತ್ತರ ಕೊಡ್ಬೇಕಾ?"

ಅವರು ನನ್ನ ಕಡೆ ನೋಡಿದರು. ನಾನೂ ಕಣ್ಣು ಕೆಳಗೆ ಹಾಕಲಿಲ್ಲ. ಫೈಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಗೆ ಪೆನ್ನು ತೆಗೆದುಕೊಂಡು, ಗುರುವಾರ ಎರಡು ಹರ್ನಿಯಾ ಇದೆಯಲ್ಲ ಎಂದು ಸೋತ ದನಿಯಲ್ಲಿ ಹೇಳಿದರು. ಮದುವೆ ಹನ್ನೆರಡಕ್ಕೆ, ಎರಡನ್ನೂ ಮುಗಿಸಿಯೇ ಹೋಗುತ್ತೇನೆ ಎಂದಳು.

ಮುಗಿಸಿದಳು ಕೂಡ. ರಿಜಿಸ್ಟ್ರಾರ್ ಆಫೀಸಿಗೆ ಬಂದಾಗ ಥಿಯೇಟರ್ ಟೋಪಿಯ ಗುರುತು ಅವಳ ಹಣೆಯ ಮೇಲೆ ಇನ್ನೂ ಇತ್ತು. ಅಕ್ಕ, ಸಿಸ್ಟರಮ್ಮ ಸಾಕ್ಷಿಗಳು. ಫಾರಂ ತುಂಬುತ್ತಾ ಬಂದು ಒಂದು ಕಡೆ ಅವಳ ಪೆನ್ನು ನಿಂತಿತು. ಮದುವೆಯ ನಂತರ ದಂಪತಿಯ ವಿಳಾಸ ಎಂದು ಕೇಳಿದ್ದರು. ಅವಳು ಸಾವಿರಾರು ಮೈಲಿ ಆಚೆಯ ಆಸ್ಪತ್ರೆಯ ಹಾಸ್ಟೆಲ್ ವಿಳಾಸ ಬರೆದು, ಪೆನ್ನನ್ನು ನನಗೆ ಕೊಟ್ಟಳು. ನಾನು ಅದರ ಪಕ್ಕದಲ್ಲಿ ನನ್ನ ಮನೆಯದನ್ನು ಬರೆಯತೊಡಗಿದೆ.

ಗುಮಾಸ್ತರು ತಡೆದರು. ಗಂಡ ಹೆಂಡತಿ ಅಂದಮೇಲೆ ಒಂದೇ ವಿಳಾಸ ಇರಬೇಕು, ಫಾರಮ್ಮಿನಲ್ಲಿ ಜಾಗ ಇರುವುದೂ ಒಂದಕ್ಕೇ ಎಂದರು.

"ಜಾಗ ಸಾಲದಿದ್ರೆ ಸಣ್ಣಕ್ಷರದಲ್ಲಿ ಬರೀತೀವಿ," ಎಂದಳು ನನ್ನ ಹೆಂಡತಿ.

ನಾನು ಬರೆದು ಮುಗಿಸಿದೆ.