ನೂರಾ ಹನ್ನೆರಡು ಕಪ್‌ಗಳ ಕಡ್ಡಿ

"ಬಾಗಿಲು ಬಿಡ್ರಪ್ಪಾ, ಬಾಗಿಲು ಬಿಡಿ! ಓಟದವನು ಬರ್ತಿದ್ದಾನೆ!" ಎಂದು ಅಜ್ಜಿ ಟೆಂಪೊ ಪಕ್ಕದಿಂದಲೇ ಕೂಗಿದರು.

ಓಟದವನು ಅಂದರೆ ನಿಜವಾದ ಮನುಷ್ಯನಲ್ಲ. ಅದೊಂದು ಕಪ್. ನೆಲಕ್ಕಿಟ್ಟರೆ ಮೊಮ್ಮಗಳು ಕಡ್ಡಿಯ ಎದೆಯವರೆಗೂ ಬರುವಷ್ಟು ಎತ್ತರ. ತುದಿಯಲ್ಲಿ ಒಂದು ಕಾಲೆತ್ತಿ ಓಡುತ್ತಿರುವ ಚಿನ್ನದ ಬಣ್ಣದ ಗೊಂಬೆ. ಅದನ್ನು ತಬ್ಬಿಕೊಂಡು, ಮುಂದೇನೂ ಕಾಣದೆ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಕಡ್ಡಿ ಹೊಸ ಮನೆಯೊಳಗೆ ಹೊರಟಿದ್ದಳು.

ಕಡ್ಡಿಗೆ ಬೇರೆ ಹೆಸರಿತ್ತು. ಆದರೆ ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಜೋರಾಗಿ ಗಾಳಿ ಬೀಸಿದರೆ ಮೊದಲು ಮಗಳನ್ನು ಹಿಡ್ಕೋಬೇಕು, ಆಮೇಲೆ ಕಿಟಕಿ ಮುಚ್ಚಬೇಕು ಎಂದು ಅಪ್ಪ ಹೇಳುತ್ತಿದ್ದರು. ಅಷ್ಟು ಸಣ್ಣ, ಅಷ್ಟು ಉದ್ದ.

ಅಪ್ಪನದು ಬಹುಮಾನಗಳ ಅಂಗಡಿ. ಕಪ್, ಶೀಲ್ಡ್, ಪದಕ ಎಲ್ಲಾ ಅಲ್ಲಿ ತಯಾರಾಗುತ್ತಿದ್ದವು. ಅಪ್ಪ ಅವುಗಳ ಮೇಲೆ ಅಕ್ಷರ ಕೊರೆಯುತ್ತಿದ್ದರು. ಅಮ್ಮ ಗೊಂಬೆ ಕೂರಿಸಿ ರಿಬ್ಬನ್ ಕಟ್ಟುತ್ತಿದ್ದರು. ಅಜ್ಜಿ ಉಜ್ಜಿ ಉಜ್ಜಿ ಹೊಳಪು ಕೊಡುತ್ತಿದ್ದರು. ಮೊದಲಿದ್ದ ದೊಡ್ಡ ಊರಿನಲ್ಲಿ ಅಂಗಡಿ ಮೆಟ್ಟಿಲ ಕೆಳಗಿತ್ತು. ಅಪ್ಪ ಎದ್ದು ನಿಂತರೆ ತಲೆ ಬಡಿಯುತ್ತಿತ್ತು. ಹಾಗಿದ್ದರೂ ಅಂಗಡಿ ಮಾಲೀಕರು ವರ್ಷವರ್ಷವೂ ಬಾಡಿಗೆ ಏರಿಸುತ್ತಿದ್ದರು. "ಏರಿಸೋದ್ರಲ್ಲಿ ಅವರಿಗೇ ಫಸ್ಟ್ ಪ್ರೈಜ್ ಕೊಡಬೇಕು" ಎಂದು ಅಪ್ಪ ಗೊಣಗಿ, ಕೊನೆಗೆ ಈ ಊರಿನಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವ ಜಾಗ ಹುಡುಕಿದ್ದರು. ಇಲ್ಲಿ ಬಾಡಿಗೆ ಅರ್ಧ. ಸೂರು ಮಾತ್ರ ಎರಡರಷ್ಟು ಎತ್ತರ.

ಪಾತ್ರೆ, ಹಾಸಿಗೆ, ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ಹೇಗೆ ಬೇಕೋ ಹಾಗೆ ತುರುಕಿದ್ದರು. ಕಪ್‌ಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ಇಳಿಸಬೇಕೆಂದು ಅಪ್ಪನ ಆಜ್ಞೆ. "ಒಂದು ಗೀರು ಬಿದ್ರೂ ಗೆದ್ದವರು ಬೇಜಾರು ಮಾಡ್ಕೋತಾರೆ."

ಹಾಗಾಗಿ ಮನೆಯವರೆಲ್ಲ ಸೇರಿ ನೂರಾ ಹನ್ನೆರಡು ಕಪ್‌ಗಳನ್ನು ಬೀದಿಯ ಮಧ್ಯೆ ಮೆರವಣಿಗೆ ಮಾಡಿಸಿದರು. ಬೀದಿಯವರೆಲ್ಲ ಮನೆ ಮುಂದೆ ಬಂದು ನಿಂತು ನೋಡಿದರು.

"ಏಯ್," ಎಂದು ಪಕ್ಕದ ಮನೆಯ ಕಾಂಪೌಂಡಿನ ಮೇಲಿಂದ ಒಬ್ಬಳು ಹುಡುಗಿ ಕರೆದಳು. ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆಂದು ಕಡ್ಡಿಗೆ ಆಮೇಲೆ ಗೊತ್ತಾಯಿತು. "ಇಷ್ಟೊಂದು ಕಪ್! ಯಾರು ಗೆದ್ದಿದ್ದು? ನೀನಾ?"

ಕಡ್ಡಿ ಏದುಸಿರು ಬಿಡುತ್ತಿದ್ದಳು. ಓಟದವನ ಕಾಲು ಅವಳ ಮೂಗಿಗೆ ಚುಚ್ಚುತ್ತಿತ್ತು. "ಇಲ್ಲಪ್ಪ, ಇದೆಲ್ಲ ಮಾರೋಕೆ" ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರೇಡಿಯೋಳ ಕಣ್ಣು ತಟ್ಟೆಯಷ್ಟು ಅಗಲವಾಗಿತ್ತು. ಕಡ್ಡಿಯನ್ನು ಹಾಗೆ ಈವರೆಗೆ ಯಾರೂ ನೋಡಿರಲಿಲ್ಲ.

"ಅದೇನು ದೊಡ್ಡ ವಿಷಯ ಅಲ್ಲ ಬಿಡು" ಎಂದಳು ಕಡ್ಡಿ.

ನಿಜವಾಗಿ ಗೆದ್ದವರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಅವಳು ಜೀವನದಲ್ಲಿ ಗೆದ್ದದ್ದು ಒಂದು ಪೆನ್ಸಿಲ್. ಹಳೇ ಶಾಲೆಯ ಗೋಣಿಚೀಲದ ಓಟದಲ್ಲಿ ಮೂರನೇ ಬಹುಮಾನ. ಓಡಿದ್ದು ಮೂವರೇ. ಅದರಲ್ಲಿ ಒಬ್ಬ ದಾರಿಯಲ್ಲಿ ಬಿದ್ದು, ಅತ್ತು, ಎದ್ದು, ಆಮೇಲೂ ಇವಳಿಗಿಂತ ಮೊದಲು ಹೋಗಿ ಮುಟ್ಟಿದ್ದ.

ಸೋಮವಾರ ಶಾಲೆಗೆ ಹೋದಾಗ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ತಲುಪಿತ್ತು. "ಇವಳೇ! ನೂರಾ ಹನ್ನೆರಡು!" ಎಂದು ರೇಡಿಯೋ ಕ್ಲಾಸಿಗೆಲ್ಲ ತೋರಿಸಿದಳು. ಪಿ.ಟಿ. ಮಿಸ್ ಬಂದು ಕಡ್ಡಿಯ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿ, "ಹೂಂ, ಓಟಗಾರರ ಕಾಲೇ" ಅಂದು ಇನ್ನೂರು ಮೀಟರ್ ಓಟಕ್ಕೆ ಹೆಸರು ಬರೆದುಕೊಂಡರು.

ಮನೆಯಲ್ಲಿ ಮಾತ್ರ ಬೇರೆಯೇ ಕತೆ ನಡೆದಿತ್ತು. ಮೂರು ವಾರ ಕಳೆದರೂ ಅಂಗಡಿಗೆ ಒಂದು ಆರ್ಡರ್ ಬರಲಿಲ್ಲ. ಜನ ಬರುತ್ತಿದ್ದರು. ಕಪಾಟಿನ ತುಂಬ ಸಾಲಾಗಿ ನಿಂತ ಕಪ್‌ಗಳನ್ನು ನೋಡಿ, ತಲೆದೂಗಿ, ಹೊರಟು ಹೋಗುತ್ತಿದ್ದರು.

"ಇವತ್ತು ಒಬ್ಬ ತಾಯಿ ಮಗನ ಕಿವಿ ಹಿಡ್ಕೊಂಡು ಬಂದ್ಲು," ಎಂದು ಅಪ್ಪ ಊಟಕ್ಕೆ ಕೂತಾಗ ಹೇಳಿದರು. "'ನೋಡು, ಕಣ್ಣು ಬಿಟ್ಟು ನೋಡು, ಇದನ್ನ ನೋಡಿ ಕಲಿ' ಅಂತ ಅವನಿಗೆ ಹೇಳಿದ್ಲು. ನನ್ನ ಕೈಕೆಲಸ ಅಷ್ಟು ಇಷ್ಟ ಆಯ್ತು ಅಂತ ಕಾಣುತ್ತೆ. ಆಮೇಲೆ 'ನೀವು ಪುಣ್ಯವಂತರು' ಅಂದ್ಲು. ನಾನೂ ಹೌದು ಹೌದು ಅಂದೆ. ಹೋಗೇ ಬಿಟ್ಲು!"

"ಏನೂ ತಗೊಳ್ಳಲಿಲ್ವಾ?" ಅಮ್ಮ ಕೇಳಿದರು.

"ಒಂದು ಪದಕಾನೂ ಇಲ್ಲ."

"ಹಾಗಿದ್ರೆ ಬಾಗಿಲಲ್ಲಿ ಟಿಕೆಟ್ ಇಡಿ. ಪ್ರದರ್ಶನವಾದ್ರೂ ನಡೀಲಿ."

"ಮೊದಲು ಬೋರ್ಡ್ ಹಾಕೋ ಮಹರಾಯ" ಎಂದು ಅಜ್ಜಿ ಗದರಿದರು.

ಬೋರ್ಡ್ ಇನ್ನೂ ಆಗಿರಲಿಲ್ಲ. ಊರಿನವರ ಬೋರ್ಡೆಲ್ಲ ಬಣ್ಣದಲ್ಲಿ ಬರೆದವು, ತನ್ನದು ಹಿತ್ತಾಳೆ ಹಲಗೆಯ ಮೇಲೆ ಕೊರೆದದ್ದೇ ಆಗಬೇಕೆಂದು ಅಪ್ಪ ಹಟ ಹಿಡಿದಿದ್ದರು. ಮೂರು ವಾರದಲ್ಲಿ ನಾಲ್ಕು ಅಕ್ಷರ ಮುಗಿದಿತ್ತು. ಅದರಲ್ಲಿ ಎರಡು ಮನಸ್ಸಿಗೆ ಬರಲಿಲ್ಲವೆಂದು ಅವರೇ ಉಜ್ಜಿ ಅಳಿಸಿದ್ದರು.

ಜನ ಏನಂದುಕೊಂಡು ಬರುತ್ತಿದ್ದಾರೆಂಬುದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ತಲೆ ಬಗ್ಗಿಸಿ ತಟ್ಟೆ ನೋಡುತ್ತಿದ್ದಳು. ನಾಳೆ ಹೇಳಿಬಿಡ್ತೀನಿ ಅಂದುಕೊಂಡಳು. ದಿನಾ ಹಾಗೇ ಅಂದುಕೊಳ್ಳುತ್ತಿದ್ದಳು. ನಾಳೆ ಅನ್ನುವುದರಲ್ಲಿ ಅವಳು ನಿಜವಾಗಿಯೂ ಚಾಂಪಿಯನ್.

ಶನಿವಾರ ಬೆಳಗ್ಗೆ ಮೈದಾನದಲ್ಲಿ ಪ್ರಾಕ್ಟೀಸ್ ಇತ್ತು. ಎಂಟು ಜನ ಓಡಿದರು. ಏಳು ಜನ ಓಡಿ ಮುಗಿಸಿ, ನೀರು ಕುಡಿದು, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಕಡ್ಡಿ ಬಂದು ಮುಟ್ಟಿದಳು.

"ದೊಡ್ಡ ದೊಡ್ಡ ಆಟಗಾರರು ಹಾಗೇ ಕಣ್ರೋ," ಎಂದು ರೇಡಿಯೋ ಎಲ್ಲರಿಗೂ ವಿವರಿಸಿದಳು. "ಪ್ರಾಕ್ಟೀಸಲ್ಲಿ ಶಕ್ತಿ ಉಳಿಸ್ಕೋತಾರೆ. ಅಲ್ವಾ?"

ಕಡ್ಡಿಗೆ ಉತ್ತರ ಕೊಡುವಷ್ಟೂ ಶಕ್ತಿ ಉಳಿದಿರಲಿಲ್ಲ.

ಆಗ ಪಿ.ಟಿ. ಮಿಸ್ ಕೈಯಲ್ಲಿ ಒಂದು ಪಟ್ಟಿ ಹಿಡಿದು ಹತ್ತಿರ ಬಂದರು. "ಸ್ಪೋರ್ಟ್ಸ್ ಡೇಗೆ ಮೂವತ್ತು ಕಪ್ ಬೇಕು ಮರಿ. ಈ ಊರಲ್ಲಿ ಮಾಡೋರೇ ಇಲ್ಲ. ನಿಮ್ಮ ಹಳೇ ಊರಿಂದಲೇ ತರಿಸಬೇಕು. ಅಲ್ಲಿ ಒಳ್ಳೆ ಅಂಗಡಿ ಯಾವುದು? ನಿನಗೆ ಅಷ್ಟೊಂದು ಬಂದಿದೆ, ಗೊತ್ತಿರುತ್ತಲ್ಲ?"

ಈಗ ಹೇಳಬೇಕು. ಈಗಲೇ ಹೇಳಬೇಕು. ಕಡ್ಡಿ ಬಾಯಿ ತೆರೆದಳು. ರೇಡಿಯೋ ಪಕ್ಕದಲ್ಲೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು.

"ಬಸ್ ಸ್ಟ್ಯಾಂಡ್ ಹಿಂದೆ... ಮೆಟ್ಟಿಲ ಕೆಳಗೆ ಒಂದು ಅಂಗಡಿ ಇದೆ ಮಿಸ್. ತುಂಬ ಚೆನ್ನಾಗಿ ಮಾಡ್ತಾರೆ."

"ಥ್ಯಾಂಕ್ಸ್ ಮರಿ. ಸೋಮವಾರ ಬೆಳಗ್ಗೆ ಗುಮಾಸ್ತರು ಮೊದಲ ಬಸ್ಸಿಗೆ ಹೋಗಿ ಆರ್ಡರ್ ಕೊಟ್ಟು ಬರ್ತಾರೆ."

ಮನೆಗೆ ನಡೆಯುತ್ತ ಕಡ್ಡಿ ತನ್ನನ್ನೇ ಬೈದುಕೊಂಡಳು. ಸುಳ್ಳು ಹೇಳೋದಾದರೆ ಬೇರೆ ಯಾವುದಾದರೂ ಅಂಗಡಿ ಹೇಳಬಾರದಿತ್ತೇ? ಪಾಪ, ಗುಮಾಸ್ತರು ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲು ತಟ್ಟಬೇಕು. ಒಳಗಿರಬೇಕಾದವರು ಇಲ್ಲಿ, ಶಾಲೆಯಿಂದ ಎರಡು ಬೀದಿ ಆಚೆ, ಗಿರಾಕಿ ಇಲ್ಲದೆ ನೊಣ ಹೊಡೆಯುತ್ತ ಕೂತಿದ್ದಾರೆ!

ಆದರೆ ಅಪ್ಪ ನೊಣ ಹೊಡೆಯುತ್ತಿರಲಿಲ್ಲ. ಅಕ್ಷರ ಕೊರೆಯುವ ಮಷೀನನ್ನು ಹಳೇ ಕಂಬಳಿಯಲ್ಲಿ ಸುತ್ತುತ್ತಿದ್ದರು.

"ಯಾಕಪ್ಪ?"

"ಹಳೇ ಊರಲ್ಲಿ ನಂಗೆ ಗೊತ್ತಿರೋರು ಒಬ್ರು ಇದನ್ನ ಕೇಳಿದಾರೆ. ಕೊಟ್ಟು, ಅವರ ಅಂಗಡೀಲೇ ಕೆಲಸಕ್ಕೆ ಸೇರ್ತೀನಿ. ಇವತ್ತು ಸಂಜೆ ಫೋನ್ ಮಾಡಿ ಹೂಂ ಅನ್ನಬೇಕು." ಅಪ್ಪ ಹಗ್ಗದ ಗಂಟು ಬಿಗಿದರು. "ನೀವು ಇಲ್ಲೇ ಇರಿ. ನಿನ್ನ ಶಾಲೆ ಆಯ್ತು, ಗೆಳತಿಯರಾದ್ರು. ನಾನು ವಾರಕ್ಕೊಂದು ಸಲ ಬಂದು ಹೋಗ್ತೀನಿ."

"ವಾರಕ್ಕೊಂದೇ ಸಲಾನಾ?"

"ಅಂಗಡಿ ಇಡೋಕೆ ಊರು ಹುಡುಕಿದೆ. ಗಿರಾಕಿ ಇರೋ ಊರು ಹುಡುಕೋಕೆ ಮರೆತೆ. ಎಷ್ಟು ಜಾಣ ನೋಡು ನಿಮ್ಮಪ್ಪ!" ಎಂದು ಅಪ್ಪ ನಕ್ಕರು. ಒಬ್ಬರೇ ನಕ್ಕರು. ಮೂಲೆಯಲ್ಲಿ ಅಜ್ಜಿ ಆಗಲೇ ಹೊಳೆಯುತ್ತಿದ್ದ ಕಪ್ಪನ್ನು ಮತ್ತೆ ಮತ್ತೆ ಉಜ್ಜುತ್ತಿದ್ದರು.

ಕಡ್ಡಿ ಚೀಲವನ್ನು ಅಲ್ಲೇ ಬಿಸಾಡಿ ಓಡಿದಳು.

ಓಡಿದಳು ಅಂದರೆ, ಅವಳ ಮಟ್ಟಿಗೆ ಓಟ. ಕಾಲು ಒಂದು ಕಡೆ, ಕೈ ಒಂದು ಕಡೆ. ಚಪ್ಪಲಿ ತಿರುವಿನಲ್ಲೇ ಉಳಿಯಿತು. ಬೀದಿಯವರಿಗೆ ಮಾತ್ರ ಸಂಭ್ರಮವೋ ಸಂಭ್ರಮ. "ನೋಡ್ರೋ, ಪ್ರಾಕ್ಟೀಸ್! ಬರಿಗಾಲಲ್ಲಿ!" ಎಂದು ಒಬ್ಬರು ಕೂಗಿದರು. ಸೈಕಲ್ ರಿಪೇರಿಯವರು ಚಪ್ಪಾಳೆ ತಟ್ಟಿದರು. ಕಿವಿ ಹಿಂಡಿಸಿಕೊಂಡಿದ್ದ ಹುಡುಗನನ್ನು ಅವರಮ್ಮ ಹಿಂದಿನಿಂದ ತಳ್ಳಿ, "ನೀನೂ ಓಡು" ಅಂದರು. ಪಾಪ, ಅವನೂ ಓಡಿದ. ಇನ್ನಷ್ಟು ಮಕ್ಕಳು ಸೇರಿಕೊಂಡರು. ರೇಡಿಯೋ ಎಲ್ಲರಿಗಿಂತ ಮುಂದೆ ಓಡುತ್ತ, "ದಾರಿ ಬಿಡಿ, ಚಾಂಪಿಯನ್ ಬರ್ತಿದ್ದಾಳೆ!" ಎಂದು ಕೂಗುತ್ತಿದ್ದಳು. ಚಾಂಪಿಯನ್‌ಗಿಂತ ತಾನು ಮುಂದಿದ್ದೇನೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಮೈದಾನದಲ್ಲಿ ಪಿ.ಟಿ. ಮಿಸ್ ಸುಣ್ಣದ ಗೆರೆ ಎಳೆಯುತ್ತಿದ್ದರು. ಕಡ್ಡಿ ಬಂದು ಆ ಗೆರೆಯ ಮೇಲೇ ನಿಂತಳು. ಒಬ್ಬರ ಕಿವಿಯಲ್ಲಿ ಹೇಳಬೇಕೆಂದು ಬಂದಿದ್ದಳು. ಹಿಂದೆ ನೋಡಿದರೆ ಹದಿನೈದು ಜನ.

"ಮಿಸ್, ಆ ಅಂಗಡಿ ಅಲ್ಲಿಲ್ಲ. ಇಲ್ಲಿದೆ."

"ಏನು? ಉಸಿರು ತಗೊಂಡು ಹೇಳು."

"ನಮ್ಮ ಮನೆ ಮುಂದೆ ಇರೋದೇ ಆ ಅಂಗಡಿ. ಅಪ್ಪ ಕಪ್ ಮಾಡ್ತಾರೆ. ನಾನು ಗೆದ್ದಿದ್ದಲ್ಲ ಅದೆಲ್ಲ. ಮಾರೋಕೆ ಇಟ್ಟಿರೋದು."



"ನೂರಾ ಹನ್ನೆರಡೂನಾ?" ಎಂದಳು ರೇಡಿಯೋ, ಮೆಲ್ಲಗೆ.

"ನೂರಾ ಹನ್ನೆರಡೂ."

"ಒಂದೇ ಒಂದೂ ನಿಂದಲ್ವಾ?"

"ನನಗೆ ಬಂದಿದ್ದು ಒಂದು ಪೆನ್ಸಿಲ್. ಅದೂ ಕಳೆದುಹೋಯ್ತು."

ಕಿವಿ ಹಿಂಡಿಸಿಕೊಂಡಿದ್ದ ಹುಡುಗ ಮೊದಲು ನಕ್ಕ. ಅವನಿಗೆ ನಗುವ ಹಕ್ಕು ಎಲ್ಲರಿಗಿಂತ ಹೆಚ್ಚಿತ್ತು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ರೇಡಿಯೋ ಮಾತ್ರ ನಗಲಿಲ್ಲ. ಮುಖ ಕೆಂಪು ಮಾಡಿಕೊಂಡು, "ನಾನು ಊರಿಗೆಲ್ಲ ಹೇಳಿದ್ನಲ್ಲೇ!" ಅಂದು ತಿರುಗಿ ನಡೆದೇ ಬಿಟ್ಟಳು. ಆ ನಗುವಿಗಿಂತ ಇದು ಕಡ್ಡಿಗೆ ಆಳವಾಗಿ ನಾಟಿತು.

"ಬೆಳಗ್ಗೆ ನಿನ್ನ ಓಟ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು" ಎಂದರು ಮಿಸ್. ಸುಣ್ಣದ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡರು. "ನಡಿ, ನಿಮ್ಮಪ್ಪ ಇದಾರಾ ಮನೇಲಿ?"

ಮಿಸ್ ಅಂಗಡಿಯಲ್ಲಿ ಪೂರಾ ಒಂದು ಗಂಟೆ ಕೂತರು. ಅಪ್ಪ ಕಂಬಳಿ ಬಿಚ್ಚಿದರು. ಮೂವತ್ತು ಕಪ್‌ಗಳ ಪಟ್ಟಿ ಓದಿ, "ಗೆದ್ದವರ ಹೆಸರನ್ನ ಅಲ್ಲೇ, ಮೈದಾನದಲ್ಲೇ ಕೂತು ಕೈಯಲ್ಲಿ ಕೊರೆದು ಕೊಡ್ತೀನಿ ಮೇಡಂ" ಅಂದರು. ಮಿಸ್‌ಗೆ ಅದು ತುಂಬ ಹಿಡಿಸಿತು.

ಅವರು ಹೋದ ಮೇಲೆ ಕಡ್ಡಿ ಮನೆಯವರ ಮುಂದೆಯೂ ಎಲ್ಲ ಒಪ್ಪಿಕೊಂಡಳು. ಬೈಗುಳಕ್ಕೆ ಕಾದು ನಿಂತಳು.

ಅಪ್ಪ ಕಪಾಟಿನ ಕಡೆ ತಿರುಗಿ ಕಪ್‌ಗಳನ್ನು ನೋಡಿದರು. "ಅಂದ್ರೆ... ಆ ತಾಯಿ ಹೊಗಳಿದ್ದು ನನ್ನ ಕೈಕೆಲಸಾನ ಅಲ್ವಾ?"

"ಅಲ್ಲಪ್ಪ."

"ಮೂರು ವಾರ ಹೌದು ಹೌದು ಅಂತ ನಾನು ತಲೆಯಾಡಿಸಿದ್ದು..."

"ನನ್ನ ಹೊಗಳಿಕೆಗೇ ಅಪ್ಪ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಜ್ಜಿಗೆ ಅದೂ ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೊಮ್ಮಗಳು ಬಾಯಿ ಬಿಡಲಿಲ್ಲ, ಮಗ ಬೋರ್ಡ್ ಹಾಕಲಿಲ್ಲ! ಇಬ್ಬರಿಗೂ ಒಂದೊಂದು ಕಪ್ ಕೊಡಮ್ಮ ಸೊಸೇ!"

ಅಪ್ಪ ಮರುದಿನವೇ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಕಪ್ ಮಾಡಿಕೊಡಲಾಗುತ್ತದೆ' ಎಂದು ಬರೆದು ಬಾಗಿಲಿಗೆ ತೂಗುಹಾಕಿದರು. ಮಷೀನ್ ಕೇಳಿದ್ದವರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ 'ಇಲ್ಲ' ಅಂದಿದ್ದರು.

ಸ್ಪೋರ್ಟ್ಸ್ ಡೇ ದಿನ ಕಡ್ಡಿ ಇನ್ನೂರು ಮೀಟರ್ ಓಡಿದಳು. ಹೆಸರು ತೆಗೆಸಬಹುದಿತ್ತು. ತನ್ನ ಸುಳ್ಳಿನಿಂದಲೇ ಬರೆದುಕೊಂಡ ಹೆಸರು, ಓಡಿಬಿಡೋಣ ಅಂದುಕೊಂಡಳು. ಎಂಟನೆಯವಳಾಗಿ ಬಂದಳು. ಗೆದ್ದವಳು ರೇಡಿಯೋ.

ಮರದ ಕೆಳಗೆ ಅಪ್ಪ ಒಂದು ಮೇಜು ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಪೆನ್ಸಿಲಿನಷ್ಟು ಸಣ್ಣ ಉಳಿ, ಕಣ್ಣಿಗೆ ದಪ್ಪ ಕನ್ನಡಕ. ಸುತ್ತ ಮಕ್ಕಳ ಗುಂಪು. "ಯಾರಾದ್ರೂ ಕಪ್ ಅಲುಗಾಡದ ಹಾಗೆ ಹಿಡೀರಪ್ಪಾ" ಎನ್ನುತ್ತಿದ್ದರು. ಅದಿನ್ನೂ ಮೊದಲ ಕಪ್. ಹಿಡಿದವರೆಲ್ಲ ನಗುತ್ತಿದ್ದರು, ಅಲುಗಾಡುತ್ತಿದ್ದರು.

ಕಡ್ಡಿ ಇನ್ನೂ ಏದುಸಿರು ಬಿಡುತ್ತಲೇ ಬಂದು ಕಪ್ಪಿನ ಎರಡೂ ಬದಿ ಕೈಯಿಟ್ಟಳು. ಉಸಿರು ಬಿಗಿಹಿಡಿದಳು.

ಎದುರಿಗೆ ರೇಡಿಯೋ ನಿಂತಿದ್ದಳು. ಅವತ್ತಿನಿಂದ ಮಾತು ಬಿಟ್ಟಿದ್ದಳು. ಈಗಲೂ ಕಡ್ಡಿಯ ಕಡೆ ನೋಡಲಿಲ್ಲ. ಉಳಿಯ ತುದಿಯನ್ನೇ ನೋಡುತ್ತಿದ್ದಳು. ಒಂದೊಂದೇ ಅಕ್ಷರ ಲೋಹದ ಮೇಲೆ ಮೂಡುತ್ತಿತ್ತು. ಅದು ರೇಡಿಯೋ ಅಂತ ಅಲ್ಲ, ಹಾಜರಿ ಪುಸ್ತಕದಲ್ಲಿದ್ದ ಅವಳ ನಿಜವಾದ ಹೆಸರು. ಅವಳ ಕಣ್ಣು ಮತ್ತೆ ತಟ್ಟೆಯಷ್ಟು ಅಗಲವಾಗಿತ್ತು.

ಅಪ್ಪ ಕೊನೆಯ ಅಕ್ಷರ ಮುಗಿಸಿ ಪುಡಿ ಊದಿದರು. ರೇಡಿಯೋ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಒಂದು ಸಲ, ಎರಡು ಸಲ. ಆಮೇಲೆ ತಲೆ ಎತ್ತಿ, "ಒಂಚೂರೂ ಅಲ್ಲಾಡಲಿಲ್ಲ ನೀನು" ಅಂದಳು.

"ಕೈ ಮರಗಟ್ಟಿದೆ ಕಣೇ."

"ಇನ್ನೂ ಇಪ್ಪತ್ತೊಂಬತ್ತು ಇದೆ. ಆಗುತ್ತಾ?"

ಕಡ್ಡಿ ಕೈ ಕೊಡವಿಕೊಂಡಳು. ಪೆಟ್ಟಿಗೆಯಿಂದ ಮುಂದಿನ ಕಪ್ ತೆಗೆದು, ಲಂಗದ ಅಂಚಿನಲ್ಲಿ ಒರೆಸಿ, ಅಪ್ಪನ ಮುಂದೆ ನೆಟ್ಟಗೆ ಇಟ್ಟಳು.

"ಹೈಜಂಪ್ ಗೆದ್ದೋರು ಯಾರು? ಬನ್ನಿ ಬನ್ನಿ," ಎಂದು ಕೂಗಿದಳು. "ಹೆಸರು ಹೇಳಿ."